ಹತ್ತು ನಿಮಿಷದ ಆ್ಯಪ್, ನಾಳೆಯ ಸ್ಲಾಟ್, ಶೆಟ್ಟರ ಅಂಗಡಿ

ನಮ್ಮದು ಬೆಂಗಳೂರಿನ ಬನಶಂಕರಿಯಲ್ಲಿ ಮೂರನೇ ಮಹಡಿ. ಲಿಫ್ಟ್ ಇಲ್ಲ. ಅತ್ತೆಗೆ ಮಂಡಿ ನೋವು, ನನಗೆ ಸೋಮಾರಿತನ. ದಿನಸಿ ತಾನಾಗೇ ಮೆಟ್ಟಿಲು ಹತ್ತಿ ಬಂದರೆ ಬೇಡ ಅನ್ನುವವರು ಮನೆಯಲ್ಲಿ ಯಾರೂ ಇಲ್ಲ. ಯಾರ ಕೈಲಿ ತರಿಸೋದು ಅನ್ನುವುದಕ್ಕೇ ಜಗಳ. ಅದಕ್ಕೇ ಕಳೆದ ಡಿಸೆಂಬರ್, ಜನವರಿ ಎರಡು ತಿಂಗಳು ಮೂರು ಕಡೆಯಿಂದಲೂ ಬೇಕಂತಲೇ ತರಿಸಿ, ಲೆಕ್ಕವನ್ನೆಲ್ಲ ಒಂದು ಹಳೇ ಡೈರಿಯಲ್ಲಿ ಬರೆದಿಟ್ಟೆ.

ಮೊದಲನೆಯದು ಹತ್ತು ನಿಮಿಷದಲ್ಲಿ ತರುತ್ತೇವೆ ಅನ್ನುತ್ತಿದ್ದ ಆ್ಯಪ್. ಎರಡನೆಯದು, ಇವತ್ತು ಆರ್ಡರ್ ಕೊಟ್ಟರೆ ನಾಳೆ ಬೆಳಗ್ಗೆ 7ರಿಂದ 9ರ ಸ್ಲಾಟಿಗೆ ಬರುವ ಸೂಪರ್ ಮಾರ್ಕೆಟ್. ಮೂರನೆಯದು ಬೀದಿ ಕೊನೆಯ ಶೆಟ್ಟರ ಅಂಗಡಿ. ಫೋನ್ ಮಾಡಿದರೆ ಹುಡುಗನ ಕೈಲಿ ಕಳಿಸುತ್ತಾರೆ. ಹೋಮ್ ಡೆಲಿವರಿ ಅಂದರೆ ಆ್ಯಪ್ ಅಂತಲೇ ಈಗ ಲೆಕ್ಕ. ಬಿಗ್‌ಬಾಸ್ಕೆಟ್ ಬೆಂಗಳೂರಿನಲ್ಲಿ ಶುರುವಾಗಿದ್ದು 2011ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮಪ್ಪ ತಿಂಗಳ ಮೊದಲ ವಾರ ಅಂಗಡಿಯಲ್ಲಿ ಚೀಟಿ ಕೊಟ್ಟು ಬರುತ್ತಿದ್ದರು, ಸಂಜೆಗೆ ಸೈಕಲ್ ಮೇಲೆ ಸಾಮಾನು ಬರುತ್ತಿತ್ತು. ಅದೂ ಹೋಮ್ ಡೆಲಿವರಿಯೇ ಅಲ್ವಾ?

ಅಕ್ಕಿಯಿಂದ ಶುರು ಮಾಡೋಣ. 25 ಕೆಜಿ ಸೋನಾ ಮಸೂರಿ ಮೂಟೆ ನಾನು ನೋಡಿದ ಹತ್ತು ನಿಮಿಷದ ಆ್ಯಪಿನಲ್ಲಿ ಇರಲೇ ಇಲ್ಲ. ಸೂಪರ್ ಮಾರ್ಕೆಟಿನವರು ವ್ಯಾನಿನಲ್ಲಿ ತಂದು, ಹೆಗಲ ಮೇಲೆ ಹೊತ್ತು, ಅಡುಗೆಮನೆ ಬಾಗಿಲವರೆಗೂ ಇಟ್ಟು ಹೋದರು. ಶೆಟ್ಟರಿಗಿಂತ 140 ರೂಪಾಯಿ ಕಮ್ಮಿ ಬೇರೆ. ಖುಷಿಯಾಯಿತು. ಮರುದಿನ ಚಿತ್ರಾನ್ನ ಮಾಡಲು ಹೋದೆ, ಪೊಂಗಲ್ ಆಯಿತು. ಹೊಸ ಅಕ್ಕಿ. ಫೋಟೋದಲ್ಲಿ ಹೊಸದೂ ಹಳೆಯದೂ ಒಂದೇ ಥರ ಬೆಳ್ಳಗೆ ಕಾಣುತ್ತವೆ. ಶೆಟ್ಟರಾಗಿದ್ದರೆ ಕಳಿಸುವ ಮೊದಲೇ, "ಅಕ್ಕಾ, ಹಳೇ ಅಕ್ಕಿ ಮುಗಿದಿದೆ, ಇದು ಹೊಸದು, ನೀರು ಕಮ್ಮಿ ಇಡಬೇಕು, ಪರವಾಗಿಲ್ವಾ?" ಅಂತ ಕೇಳುತ್ತಿದ್ದರು. ಆ ಪ್ರಶ್ನೆಗೆ 140 ರೂಪಾಯಿ ಕೊಡಬಹುದು ಅಂತ ಮೂಟೆ ಮುಗಿಯುವವರೆಗೂ ಅನ್ನಿಸುತ್ತಿತ್ತು.

ಬೇಳೆ, ಸಕ್ಕರೆ, ಸೋಪು, ಪಾತ್ರೆ ತೊಳೆಯುವ ಪುಡಿ, ಇವಕ್ಕೆಲ್ಲ ಸೂಪರ್ ಮಾರ್ಕೆಟ್ ಸ್ಲಾಟೇ ಸರಿ. ಅಗ್ಗ, ತಕರಾರು ಕಮ್ಮಿ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಎಣ್ಣೆಯಲ್ಲಿ ಮಾತ್ರ ಕಣ್ಣು ಬಿಟ್ಟು ನೋಡಬೇಕು. ಒಂದು ಲೀಟರ್ ಅಡುಗೆ ಎಣ್ಣೆ ಅಂದರೆ ಸುಮಾರು 910 ಗ್ರಾಂ. ನಾನು "ಅಬ್ಬಾ, ಅಗ್ಗ" ಅಂತ ಎರಡು ಪ್ಯಾಕೆಟ್ ತರಿಸಿದ್ದು 850 ಗ್ರಾಮಿನದು. ಫೋಟೋದಲ್ಲಿ ಅದೇ ಬಣ್ಣ, ಅದೇ ಸೂರ್ಯಕಾಂತಿ ಹೂವು. ತೂಕ ಕೆಳಗೆ ಬೂದು ಅಕ್ಷರದಲ್ಲಿತ್ತು. ಮೋಸ ಅಂತ ಹೇಳಲಾರೆ, ಬರೆದೇ ಇತ್ತು. ಅಂಗಡಿಯಲ್ಲಿ ಎರಡು ಪ್ಯಾಕೆಟ್ ಪಕ್ಕಪಕ್ಕ ಹಿಡಿದಿದ್ದರೆ ಕೈಗೇ ಗೊತ್ತಾಗುತ್ತಿತ್ತು.

ಈಗ ಹತ್ತು ನಿಮಿಷದ ಆ್ಯಪಿಗೆ ಬರೋಣ. ಒಂದು ಭಾನುವಾರ ಬೇಳೆ ಬೇಯುತ್ತಿದೆ, ಹುಣಸೆಹಣ್ಣಿನ ಡಬ್ಬ ಖಾಲಿ, ನೆಂಟರು ಆಗಲೇ ಬನಶಂಕರಿ ಬಸ್ ನಿಲ್ದಾಣದಲ್ಲಿ ಇಳಿದಿದ್ದಾರೆ. ಕುಕ್ಕರ್ ಆರುವುದರೊಳಗೆ ಹುಣಸೆಹಣ್ಣು ಬಂತು. ಅವತ್ತು ಅದಕ್ಕೆ ಕೈ ಮುಗಿದೆ. ಆದರೆ ಬಿಲ್ ನೋಡಿ: 52 ರೂಪಾಯಿ ಸಾಮಾನಿಗೆ ಡೆಲಿವರಿ, ಹ್ಯಾಂಡ್ಲಿಂಗ್, ಸಣ್ಣ ಆರ್ಡರಿನ ಚಾರ್ಜು ಎಲ್ಲ ಸೇರಿ 101. ಆಮೇಲೆ ನಾನೂ ಬುದ್ಧಿವಂತೆ ಆದೆ. ಚಾರ್ಜು ತಪ್ಪಿಸಲು ಒಂದು ಚಿಪ್ಸ್, ಒಂದು ಚಾಕೊಲೇಟ್ ಸೇರಿಸಿ 199 ಮುಟ್ಟಿಸುವುದು. ಡೈರಿ ತೆಗೆದು ನೋಡಿದರೆ, ಎರಡು ತಿಂಗಳಲ್ಲಿ 23 ಆರ್ಡರ್. ಅದರಲ್ಲಿ 14ರಲ್ಲಿ ಸುಮ್ನೆ ಸೇರಿಸಿದ್ದು ಏನಾದರೂ ಇತ್ತು. ಮೂರರಲ್ಲಿ ಯಾರು ಜಾಸ್ತಿ ದುಡ್ಡು ತಿಂದರು ಅಂತ ಕೇಳಿದರೆ ಇದೇ. ಅದರಲ್ಲಿ ಅರ್ಧ ತಪ್ಪು ನನ್ನದು.

ಮತ್ತೊಂದು ಮುಜುಗರ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಹುಡುಗನೊಬ್ಬ ಹೆಲ್ಮೆಟ್ ತೆಗೆಯದೆ ಮೂರು ಮಹಡಿ ಓಡಿ ಹತ್ತುತ್ತಾನೆ. ನೀರು ಕೊಡಲಾ ಅಂದರೆ "ಟೈಮಿಲ್ಲ ಮೇಡಂ" ಅಂತ ಅರ್ಧ ಇಳಿದಾಗಿರುತ್ತದೆ. ಇಂಥ ಆ್ಯಪ್ ಹುಡುಗರಿಗೆ, ಅಂದರೆ ಗಿಗ್ ಕಾರ್ಮಿಕರಿಗೆ, ಕರ್ನಾಟಕ 2025ರಲ್ಲಿ ಕಾಯ್ದೆ ತಂದಿದೆ. ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ತೆಗೆದುಕೊಂಡು ನಿಧಿ ಮಾಡುವುದಂತೆ. ಒಳ್ಳೆಯದೇ. ಮೆಟ್ಟಿಲು ಮಾತ್ರ ಅಷ್ಟೇ ಇವೆ. ಈಗ ಕೊತ್ತಂಬರಿಗೆ ನಾನೇ ಕೆಳಗಿಳಿದು ಹೋಗುತ್ತೇನೆ.

ಹಾಳಾದದ್ದು ಬಂದರೆ? ಇದರಲ್ಲಿ ಆ್ಯಪುಗಳೇ ಮುಂದು. ಬ್ರೆಡ್ಡಿನ ಡೇಟ್ ಮರುದಿನವೇ ಮುಗಿಯುತ್ತಿತ್ತು. ಫೋಟೋ ಕಳಿಸಿದೆ, ಐದು ನಿಮಿಷದಲ್ಲಿ ದುಡ್ಡು ವಾಪಸ್. ತಲುಪಿಸುವ ಹೊತ್ತಿಗೆ ಶೇ 30ರಷ್ಟು ಬಾಳಿಕೆ, ಇಲ್ಲವೇ 45 ದಿನ ಉಳಿದಿರಬೇಕು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ 2024ರ ನವೆಂಬರಿನಲ್ಲೇ ಆನ್‌ಲೈನ್ ಮಾರಾಟದವರಿಗೆ ಹೇಳಿದೆ. ಡೇಟ್ ನೋಡದೆ ಡಬ್ಬಕ್ಕೆ ಸುರಿಯಬೇಡಿ. ಶೆಟ್ಟರ ಹತ್ತಿರ ಹುಳ ಬಿದ್ದ ರವೆ ವಾಪಸ್ ಕೊಡಬೇಕೆಂದರೆ ನಾವೇ ಹೊತ್ತುಕೊಂಡು ಹೋಗಬೇಕು. ಅವರು ಬದಲಾಯಿಸಿ ಕೊಡುತ್ತಾರೆ, ಜೊತೆಗೆ "ಡಬ್ಬ ಒದ್ದೆ ಇತ್ತೇನೋ" ಅಂತ ಒಂದು ಮಾತೂ ಬರುತ್ತದೆ.

ಇನ್ನು ಅವರೆಕಾಯಿ. ಡಿಸೆಂಬರ್ ಅಂದಮೇಲೆ ಅದಿಲ್ಲದೆ ಆಗುತ್ತಾ? ಸ್ಲಾಟಿನಲ್ಲಿ ಎರಡು ಕೆಜಿ ತರಿಸಿದೆ. ಮುಚ್ಚಿದ ಕವರಿನೊಳಗೆ ಬೆವರಿತ್ತು. ಅತ್ತೆ ಒಂದು ಕಾಯಿ ತೆಗೆದು, ಬೆರಳಿಂದ ಉಜ್ಜಿ, ಮೂಗಿಗೆ ಹಿಡಿದರು. ಬೆರಳಿಗೆ ಜಿಡ್ಡು ಅಂಟಲಿಲ್ಲ. "ಸೊಗಡೇ ಇಲ್ಲ. ಬೀನ್ಸ್ ತರಿಸಿದ್ದೀಯ" ಅಂದರು. ಬಿಡಿಸಿದಾಗ ಅರ್ಧ ಎಳಸು, ಒಂದಿಷ್ಟು ಹುಳ. ಮರುದಿನ ಹಾಪ್‌ಕಾಮ್ಸ್ ತರಕಾರಿ ಮಳಿಗೆಗೆ ಹೋಗಿ, ನಾಲ್ಕು ಕಾಯಿ ಮೂಸಿ ತಂದೆ. ಮನೆಯೆಲ್ಲ ಘಮಘಮ. ಆದರೆ ಒಂದು ಮಾತು ಒಪ್ಪಬೇಕು. ಅದೇ ಸೂಪರ್ ಮಾರ್ಕೆಟಿನಲ್ಲಿ ಹಿತಕಿದ ಬೇಳೆ ಸಿದ್ಧವಾಗಿ ಸಿಗುತ್ತದೆ. ರಾತ್ರಿ ನೆನೆಹಾಕಿ, ಟಿವಿ ಮುಂದೆ ಕೂತು ಒಂದೊಂದೇ ಹಿಚುಕಿ, ಬೆರಳು ಸುಕ್ಕುಗಟ್ಟಿಸಿಕೊಂಡವರಿಗೆ ಅದರ ಬೆಲೆ ಗೊತ್ತು. ಅತ್ತೆಯೂ ಎರಡನೇ ಸಲ ಕೇಳಿ ತರಿಸಿಕೊಂಡರು. ಸೊಗಡಿನ ಮಾತೇ ಎತ್ತಲಿಲ್ಲ.

ಹೀಗಾಗಿ ಈಗ ತಿಂಗಳಿಗೊಮ್ಮೆ ಸ್ಲಾಟ್, ನೆಂಟರು ಬಂದಾಗ ಹತ್ತು ನಿಮಿಷ. ಅಕ್ಕಿ, ಬೆಲ್ಲ, ಬ್ಯಾಡಗಿ ಮೆಣಸಿನಕಾಯಿ ಶೆಟ್ಟರದ್ದು. ಅವರ ಮಗ ಈಗ ವಾಟ್ಸಾಪಿನಲ್ಲೇ ಚೀಟಿ ತೆಗೆದುಕೊಳ್ಳುತ್ತಾನೆ. ಹೋದ ವಾರ ಎರಡು ಕೆಜಿ ಬೆಲ್ಲ ಅಂತ ಬರೆದು ಕಳಿಸಿದ್ದೆ. ಉತ್ತರ ಬಂತು: "ಅಕ್ಕಾ, ಇರೋದು ಚೆನ್ನಾಗಿಲ್ಲ. ಮಂಡ್ಯದ್ದು ಗುರುವಾರ ಬರುತ್ತೆ. ಕಾಯ್ತೀರಾ?"

ಕಾಯುತ್ತಿದ್ದೇವೆ.