ಒಂದು ಗ್ರೈಂಡರ್, ಎರಡು ಪಾತ್ರೆ

ಮಂಗಳೂರಿನಲ್ಲಿ ವೆಟ್ ಗ್ರೈಂಡರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಮೋಟಾರಿನ ಬಗ್ಗೆಯೂ ಅಲ್ಲ, ವಾರಂಟಿಯ ಬಗ್ಗೆಯೂ ಅಲ್ಲ. "ಇದಕ್ಕೆ ಇನ್ನೊಂದು ಪಾತ್ರೆ, ಇನ್ನೊಂದು ಜೊತೆ ಗುಂಡುಕಲ್ಲು ಬಿಡಿಯಾಗಿ ಸಿಗುತ್ತದೆಯೇ?" ಎಂದು ಕೇಳಿ. ನಿಮ್ಮದು ಮೀನು ತಿನ್ನುವ ಮನೆಯಾಗಿದ್ದು, ನವರಾತ್ರಿಗೆ ದೇವರ ಮುಂದೆ ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ) ಇಡುವ ಕ್ರಮವೂ ಇದ್ದರೆ ಉಳಿದದ್ದೆಲ್ಲ ಆಮೇಲಿನ ಮಾತು.

ನಮ್ಮದು ಕದ್ರಿ ಕಡೆಯ ಫ್ಲ್ಯಾಟ್. ಊರಿನ ಮನೆಯಲ್ಲಿ ಕಡೆಯುವ ಕಲ್ಲು ಎರಡಿದ್ದವು. ಒಳಗಿನದು ಹಿಟ್ಟಿಗೆ, ಹಿಂದಿನ ಜಗಲಿಯದು ಮೀನಿನ ಮಸಾಲೆಗೆ. ಎರಡನೇ ಮಹಡಿಯ ಫ್ಲ್ಯಾಟಿಗೆ ಹಿಂದಿನ ಜಗಲಿಯನ್ನು ಎಲ್ಲಿಂದ ತರುವುದು? ಅತ್ತೆ ಊರು ಬಿಟ್ಟು ನಮ್ಮ ಜೊತೆ ಇರಲು ಬಂದ ಮೇಲೆ ಈ ಪ್ರಶ್ನೆ ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತಲೆಯೆತ್ತುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದು, ಬಂಗುಡೆ, ಬೂತಾಯಿ ಕೈಗೆಟುಕುವ ಬೆಲೆಗೆ ಬರುವಷ್ಟರಲ್ಲಿ ಚೌತಿ, ಅದರ ಬೆನ್ನಿಗೆ ನವರಾತ್ರಿ, ಆಮೇಲೆ ದೀಪಾವಳಿ. ನಾಲಗೆಗೂ ವ್ರತಕ್ಕೂ ಒಂದೇ ಕಾಲ!

ನಾವು ಕೊಂಡದ್ದು ಕೊಯಮತ್ತೂರಿನಲ್ಲಿ ತಯಾರಾದ 2 ಲೀಟರಿನ, ಪಾತ್ರೆಯನ್ನು ಓರೆ ಮಾಡಿ ಹಿಟ್ಟು ಸುರಿಯಬಹುದಾದ ಟೇಬಲ್ ಟಾಪ್ ಯಂತ್ರ. ಬೆಲೆ 7,000 ರೂಪಾಯಿಯ ಆಸುಪಾಸು. ನಮ್ಮ ಕರಾವಳಿಯ ಮಟ್ಟುಗುಳ್ಳ ಬದನೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇರುವಂತೆ ಕೊಯಮತ್ತೂರಿನ ವೆಟ್ ಗ್ರೈಂಡರಿಗೂ ಇದೆ. ಅಲ್ಲಿನ ಕರಿಕಲ್ಲಿನ ಹೆಸರೇ ಅಂಥದ್ದು. ಬ್ರಾಂಡಿನ ಹೆಸರು ಹೇಳುವುದಿಲ್ಲ. ಅಂಗಡಿಯಲ್ಲಿ ಮೂರ್ನಾಲ್ಕು ಕಂಪೆನಿಗಳ ಯಂತ್ರಗಳನ್ನು ಬಿಚ್ಚಿಸಿ ನೋಡಿದೆ, ಒಳಗಿನ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ: ತಳದಲ್ಲಿ ಕಲ್ಲು, ಸ್ಟೀಲ್ ಪಾತ್ರೆ, ಗುಂಡುಕಲ್ಲುಗಳು, ಕೆಳಗೊಂದು ಬೆಲ್ಟ್, 150 ವ್ಯಾಟಿನ ಮೋಟಾರು.

ಮೊದಲು ಹೊಗಳಿಕೆ. ಉದ್ದಿನಬೇಳೆಯ ವಿಷಯದಲ್ಲಿ ಈ ಯಂತ್ರಕ್ಕೆ ಎದುರಿಲ್ಲ. ಮಿಕ್ಸಿಯಲ್ಲಿ ರುಬ್ಬಿದ ಉದ್ದು ಬಿಸಿಯಾಗುತ್ತದೆ, ಜಾರಿನಿಂದ ತೆಗೆಯುವಾಗ ಕೈಗೇ ಗೊತ್ತಾಗುತ್ತದೆ. ಕಲ್ಲು ನಿಧಾನ, ತಣ್ಣಗೆ ರುಬ್ಬುತ್ತದೆ. ಮೊದಲ ಐದು ನಿಮಿಷ ಕರಕರ ಸದ್ದು, ಆಮೇಲೆ ಸದ್ದು ಮೆತ್ತಗಾಗುತ್ತ ಹಿಟ್ಟು ಪಾತ್ರೆಯ ಅಂಚನ್ನು ಬಿಟ್ಟು ಮಧ್ಯದ ಕಡೆಗೆ ಉಬ್ಬಿ ಮಗುಚಿಕೊಳ್ಳತೊಡಗುತ್ತದೆ. ಆಗಾಗ ಕೈಯಿಂದ ನೀರು ಚಿಮುಕಿಸುತ್ತ ಇರಬೇಕು, ಒಮ್ಮೆಲೇ ಸುರಿಯಬಾರದು. ಅರ್ಧ ಗಂಟೆಯ ಹೊತ್ತಿಗೆ ಒಂದು ಚಿಟಿಕೆ ಹಿಟ್ಟನ್ನು ಲೋಟದ ನೀರಿಗೆ ಬಿಟ್ಟು ನೋಡಿ. ತೇಲಿದರೆ ಸಾಕು, ಮುಳುಗಿದರೆ ಇನ್ನಷ್ಟು ರುಬ್ಬಬೇಕು. ಮೂಡೆಗೆ ಒಂದು ಪಾವು ಉದ್ದಿಗೆ ಎರಡು ಪಾವು ಬೆಳ್ತಿಗೆ (ಬಿಳಿ) ಅಕ್ಕಿ ನಮ್ಮ ಮನೆಯ ಲೆಕ್ಕ. ಅಕ್ಕಿಯನ್ನು ಬೇರೆಯಾಗಿ ತರಿತರಿಯಾಗಿ ರುಬ್ಬಿ ಆಮೇಲೆ ಬೆರೆಸುತ್ತೇವೆ. ಮುಂಡೇವು (ಕೇದಗೆ ಜಾತಿಯ) ಎಲೆಯ ಕೊಟ್ಟೆಯಲ್ಲಿ ಹಬೆಗೆ ಇಟ್ಟರೆ, ಎಲೆ ಬಿಡಿಸುವಾಗ ಅದರ ಗೆರೆಗಳೆಲ್ಲ ಮೂಡೆಯ ಮೈಮೇಲೆ ಸ್ಪಷ್ಟವಾಗಿ ಮೂಡಿರುತ್ತವೆ. ಮಿಕ್ಸಿಯ ಹಿಟ್ಟಿನಲ್ಲಿ ಇಷ್ಟು ಹಗುರ ನನಗೆ ಬಂದದ್ದಿಲ್ಲ.

ಇನ್ನು ಮೀನಿನ ಮಸಾಲೆ. ನಾಲ್ಕೈದು ಜನರ ಪದಾರ್ಥಕ್ಕೆ (ಸಾರಿಗೆ) ಬೇಕಾದ ಅರ್ಧ ಕಾಯಿಯ ಮಸಾಲೆಯನ್ನು ಇದರಲ್ಲಿ ಹಾಕಿದರೆ ಎಲ್ಲವೂ ಪಾತ್ರೆಯ ಗೋಡೆಗೆ ಮೆತ್ತಿಕೊಂಡು ಕಲ್ಲು ಬರಿದೇ ತಿರುಗುತ್ತದೆ. ದಿನದ ಅಡುಗೆಗೆ ಮಿಕ್ಸಿಯೇ ಸರಿ. ಆದರೆ ಎರಡು ಕಾಯಿಗಿಂತ ಹೆಚ್ಚಿನ ಮಸಾಲೆಯಾದರೆ ಕಲ್ಲಿನ ಗುಣ ಕಾಣುತ್ತದೆ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ಬೆಳ್ಳುಳ್ಳಿ ಎಲ್ಲವೂ ಬೆಣ್ಣೆಯ ಹಾಗೆ ಇಳಿಯುತ್ತವೆ. ಕೊತ್ತಂಬರಿಯನ್ನು ಮೊದಲು ಹಾಕಿ, ಕಾಯಿಯನ್ನು ಕೊನೆಗೆ ಹಾಕಿ.

ತೊಂದರೆ ಇರುವುದು ಇಲ್ಲೇ. ಕರಿಕಲ್ಲು ಎಷ್ಟು ನುಣುಪಾಗಿ ಕಂಡರೂ ಬೆಳ್ಳುಳ್ಳಿಯ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತೌಡು ಹಾಕಿ ತಿರುಗಿಸಿದೆ, ನಿಂಬೆಹಣ್ಣು ತಿಕ್ಕಿದೆ, ಬಾಲ್ಕನಿಯ ಬಿಸಿಲಿಗೆ ಇಟ್ಟೆ. ನನ್ನ ಮೂಗಿನ ಪಾಲಿಗೆ ವಾಸನೆ ಹೋಗಿತ್ತು, ಅತ್ತೆಯ ಮೂಗಿನ ಪಾಲಿಗೆ ಹೋಗಿರಲಿಲ್ಲ. "ನೀನು ಎಷ್ಟು ತೊಳೆದರೂ ಅದು ಬಂಗುಡೆಯ ಕಲ್ಲೇ ಮಾರಾಯ್ತಿ. ಅದರಲ್ಲಿ ರುಬ್ಬಿದ್ದನ್ನು ದೇವರಿಗೆ ಇಡುವುದು ನನ್ನಿಂದಾಗದು," ಎಂದರು. ಗಂಡ ನಡುವೆ ಬಂದು "ದೇವರಿಗೆ ಅದೆಲ್ಲ ಇಲ್ಲ ಅಮ್ಮ" ಎಂದು ಹೇಳಿ ಬೈಸಿಕೊಂಡರು. ನಾನು ಅತ್ತೆಯ ಪಕ್ಷ. ವರ್ಷವಿಡೀ ಮೀನು ತಿನ್ನುವ ಮನೆಯಲ್ಲಿ ಒಂಬತ್ತು ದಿನ ಬೇರೆಯಾಗಿ ಇರಬೇಕೆಂದರೆ ಆ ಬೇರೆತನ ಕಣ್ಣಿಗೆ, ಕೈಗೆ ಕಾಣುವಂತಿರಬೇಕು, ಇಲ್ಲವಾದರೆ ಅದು ಬರೀ ಪಥ್ಯ.

ಹಾಗಾಗಿ ಎರಡನೇ ಪಾತ್ರೆ. ಯಂತ್ರದ ಬೆಲೆಯ ಮೂರನೇ ಒಂದು ಭಾಗದಷ್ಟು ಕೊಟ್ಟು ಪಾತ್ರೆ, ಗುಂಡುಕಲ್ಲು ಎರಡನ್ನೂ ತರಿಸಿದೆವು. ಹಿಡಿಗೆ ಕೆಂಪು ದಾರ ಕಟ್ಟಿದ್ದು ಹಿಟ್ಟಿನದು, ದಾರ ಇಲ್ಲದ್ದು ಮಸಾಲೆಯದು. ಇದಕ್ಕೆ ತಗಲಿದ ಹಣವನ್ನು ನಾನು ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕುತ್ತೇನೆ. ಬಿಡಿ ಪಾತ್ರೆ ಸಿಗದ ಮಾದರಿ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬೇಡ.

ನಿಜವಾದ ಪರೀಕ್ಷೆ ದಸರಾ. ಕುದ್ರೋಳಿ ಗೋಕರ್ಣನಾಥನ ಮೆರವಣಿಗೆ ನೋಡಲು ಊರಿನಿಂದ ನೆಂಟರು ಬಂದರೆ ನಮ್ಮ ಹಾಲ್ ತುಂಬ ಚಾಪೆ. ನವದುರ್ಗೆಯರು, ಶಾರದೆ, ಹುಲಿವೇಷ, ಟ್ಯಾಬ್ಲೋ ಎಲ್ಲ ಮುಗಿಸಿ ಬೆಳಗಿನ ಜಾವ ಹಿಂದಿರುಗಿದವರಿಗೆ ಮೂಡೆ ಬೇಕು, ಮಧ್ಯಾಹ್ನಕ್ಕೆ ಕೋಳಿ ಪದಾರ್ಥ ಬೇಕು. 2 ಲೀಟರ್ ಎಂದು ಬರೆದಿದ್ದರೂ ಉದ್ದು ಉಬ್ಬುವುದರಿಂದ ಅಂಚಿನವರೆಗೆ ತುಂಬಿಸುವಂತಿಲ್ಲ, ಇಪ್ಪತ್ತು ಜನರ ಮೂಡೆಗೆ ಎರಡು ಸಲ ರುಬ್ಬಬೇಕಾಯಿತು. ಇದರ ಜೊತೆಗೆ ಆಯುಧಪೂಜೆಯ ತಕರಾರು ಬೇರೆ. ನಮ್ಮಲ್ಲಿ ಅಂದು ಕಾರು, ಕತ್ತಿಯ ಜೊತೆಗೆ ಗ್ರೈಂಡರಿಗೂ ಕುಂಕುಮ, ಸೇವಂತಿಗೆ. ಪೂಜೆಗೆ ಇಟ್ಟ ಯಂತ್ರವನ್ನು ಅಂದು ಮುಟ್ಟುವಂತಿಲ್ಲ. ಮಾರನೆಯ ದಿನದ ಹಿಟ್ಟನ್ನು ಪೂಜೆಯ ಹಿಂದಿನ ದಿನವೇ ರುಬ್ಬಿ ಫ್ರಿಜ್ಜಿನಲ್ಲಿಟ್ಟೆ, ಪೂಜೆಯ ರಾತ್ರಿ ಹೊರಗೆ ತೆಗೆದೆ. ಹುಳಿ ಸ್ವಲ್ಪ ಮುಂದೆ ಹೋಗಿತ್ತು, ತೆಂಗಿನಕಾಯಿ ಚಟ್ನಿ ಮುಚ್ಚಿಹಾಕಿತು.

ಪಕ್ಕದ ಮನೆಯ ಬಾಯಮ್ಮ ಸೆಪ್ಟೆಂಬರ್ 8ರಂದು ಇಲ್ಲಿನ ಕ್ರೈಸ್ತರು ಆಚರಿಸುವ ಮೊಂತಿ ಹಬ್ಬದ ಸನ್ನಾಕ್ಕೆ (ಇಡ್ಲಿಯಂಥ ತಿಂಡಿ) ನಮ್ಮ ಯಂತ್ರವನ್ನೇ ಕೇಳಿ ಪಡೆದರು. ಅವರಿಗೂ ಅಂದು ಹೊಸ ಅಕ್ಕಿ, ಸಸ್ಯಾಹಾರದ ಊಟ. "ನನಗೂ ದಾರ ಕಟ್ಟಿದ್ದನ್ನೇ ಕೊಡಿ" ಎಂದು ಅವರಾಗಿಯೇ ಹೇಳಿದಾಗ ಅತ್ತೆಗೆ ಆದ ಸಮಾಧಾನವನ್ನು ನಾನು ಬರೆದು ತಿಳಿಸಲಾರೆ.

ದೂರುಗಳೂ ಇವೆ. ಓರೆ ಮಾಡುವ ತಿರುಪು ನಮ್ಮ ಕಡಲಗಾಳಿಗೆ ತುಕ್ಕು ಹಿಡಿಯುತ್ತದೆ, ತಿಂಗಳಿಗೊಮ್ಮೆ ಎಣ್ಣೆ ಬಿಡಬೇಕು. ಓರೆ ಮಾಡಿದಾಗ ಹಿಟ್ಟು ಸುರಿಯುತ್ತದೆ ನಿಜ, ತಳದ ಕಾಲು ಭಾಗವನ್ನು ಕೈಯಿಂದಲೇ ಬಳಿಯಬೇಕು. ಕಲ್ಲಿನ ಸಮೇತ ಪಾತ್ರೆಯನ್ನು ಸಿಂಕಿಗೆ ಎತ್ತುವುದು ಅತ್ತೆಯ ವಯಸ್ಸಿನವರಿಗೆ ಸಾಧ್ಯವಿಲ್ಲ. ಜೊತೆಗೆ ಕೊಟ್ಟ ಕಾಯಿ ತುರಿಯುವ ಬಿಡಿಭಾಗ ಅಟ್ಟಕ್ಕೆ ಹೋಗಿದೆ. ಹೆರೆಮಣೆಯಲ್ಲಿ ನಾನು ಎರಡು ಕಾಯಿ ತುರಿದು ಮುಗಿಸುವ ಹೊತ್ತಿಗೆ ಅದನ್ನು ಜೋಡಿಸಿ ಆಗಿರುವುದಿಲ್ಲ.

ಅಂಗಡಿಯ ಸೇವೆ ಮಾರುವ ತನಕ ಚಂದ. ಬೆಲ್ಟ್ ಸಡಿಲವಾದಾಗ "ಹಬ್ಬ ಮುಗಿಯಲಿ ಅಕ್ಕಾ" ಎಂದರು. ಹಬ್ಬಕ್ಕೇ ಅಲ್ಲವೇ ಅದು ಬೇಕಾಗಿದ್ದದ್ದು! ಕೊನೆಗೆ ಹಂಪನಕಟ್ಟೆಯ ಬೇರೊಂದು ರಿಪೇರಿ ಅಂಗಡಿಯಲ್ಲಿ ಬೆಲ್ಟ್ ಕೊಂಡು ಗಂಡನೇ ಹಾಕಿದರು. ಒಂದು ಬೆಲ್ಟನ್ನು ಮನೆಯಲ್ಲಿ ಇಟ್ಟುಕೊಂಡಿರಿ.

ಕೊಳ್ಳುವುದಾದರೆ ಚೌತಿಗಿಂತ ಮೊದಲೇ ಕೊಳ್ಳಿ. ಹೊಸ ಕಲ್ಲಿನ ಪುಡಿ ಹೋಗಲು ಮೊದಲು ನೀರು, ಆಮೇಲೆ ತೌಡು, ಅದಾದ ಮೇಲೆ ಒಂದು ಹಿಡಿ ನೆನೆಸಿದ ಅಕ್ಕಿ ಹಾಕಿ ತಿರುಗಿಸಿ ಚೆಲ್ಲಬೇಕು. ಎರಡು ಪಾತ್ರೆಗಳಿಗೂ ಇದನ್ನು ಬೇರೆಬೇರೆಯಾಗಿ ಮಾಡಬೇಕು.