ಶಿಯಾಟ್ಸು: ಅಷ್ಟು ದುಡ್ಡು ಕೊಟ್ಟು ಮೈ ಒತ್ತಿಸಿಕೊಳ್ಳಬೇಕಾ?

ಟೋಕಿಯೊದ ನಿಶಿ-ಕಸಾಯ್‌ನಲ್ಲಿ ಮನೆ, ಒಟೆಮಾಚಿಯಲ್ಲಿ ಆಫೀಸು, ದಿನವಿಡೀ ಎರಡು ಮಾನಿಟರ್ ಮುಂದೆ ಕತ್ತು ಚಾಚಿಕೊಂಡು ಕೂರುವ ಕೆಲಸ. ಕೆಲವು ವರ್ಷಗಳಿಂದ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಶಿಯಾಟ್ಸು, ಅಂದರೆ ಬೆರಳಿನಿಂದ ಮೈ ಒತ್ತುವ ಜಪಾನಿ ಚಿಕಿತ್ಸೆ, ಮಾಡಿಸಿಕೊಳ್ಳುತ್ತಿದ್ದೇನೆ. ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಮೊದಲು ಕೇಳುವುದು ರೇಟು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ನಾನು ಹೋಗುವ ಕಡೆ ಒಂದು ಗಂಟೆಗೆ 6,500 ಯೆನ್. ಸ್ಟೇಷನ್ ಪಕ್ಕದ ಅಂಗಡಿಗಳಲ್ಲಿ ಒಂದು ಗಂಟೆಗೆ 3,000ದ ಆಸುಪಾಸು.

ಅರ್ಧಕ್ಕರ್ಧ ವ್ಯತ್ಯಾಸ ಯಾಕೆ ಅಂದರೆ ಲೈಸೆನ್ಸು. ಜಪಾನಿನಲ್ಲಿ ಅನ್ಮ (ಇಲ್ಲಿನ ಹಳೆಯ ಕಾಲದ ಮೈ ಒತ್ತುವ ಪದ್ಧತಿ), ಮಸಾಜ್, ಶಿಯಾಟ್ಸು ಈ ಮೂರಕ್ಕೂ ಸೇರಿ ಒಂದೇ ಸರ್ಕಾರಿ ಪರವಾನಗಿ. ಕನಿಷ್ಠ ಮೂರು ವರ್ಷ ಓದಿ, ರಾಷ್ಟ್ರೀಯ ಪರೀಕ್ಷೆ ಪಾಸಾದವರಿಗಷ್ಟೇ ಅದು ಸಿಗುತ್ತದೆ. ಅದಿಲ್ಲದವರು ಬೋರ್ಡಿನಲ್ಲಿ ಶಿಯಾಟ್ಸು ಅಂತ ಹಾಕುವಂತಿಲ್ಲ. ಅದಕ್ಕೇ ‘ರಿಲ್ಯಾಕ್ಸೇಷನ್’, ‘ಮೊಮಿಹೊಗುಶಿ’ (ಹಿಸುಕಿ ಸಡಿಲಿಸುವುದು) ಅಂತೆಲ್ಲ ಬರೆದುಕೊಂಡಿರುತ್ತಾರೆ. ಅಂಥ ಕಡೆ ಒಳ್ಳೆಯ ಕೈಯವರು ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಆದರೆ ಒಂದು ಕಡೆ ಒಬ್ಬ ಹುಡುಗ ಮೊಣಕೈ ಊರಿ ತನ್ನ ಭಾರವನ್ನೆಲ್ಲ ನನ್ನ ಹೆಗಲ ಮೂಳೆಯ ಮೇಲೆ ಬಿಟ್ಟ. ಮಾರನೆಯ ದಿನ ಅಲ್ಲಿ ನೀಲಿಗಟ್ಟಿತ್ತು. ಆಮೇಲೆ ಆ ಕಡೆ ತಲೆ ಹಾಕಿಲ್ಲ.

ಈಗ ಹೋಗುವ ಕಡೆ ಇರುವವರು ವಯಸ್ಸಾದ ಒಬ್ಬ ಸೆನ್ಸೇಯ್ (ಅಂದರೆ ಗುರುಗಳು). ತತಾಮಿ ಅನ್ನುವ ಹುಲ್ಲಿನ ಚಾಪೆಯ ಮೇಲೆ ತೆಳು ಹಾಸಿಗೆ. ಎಣ್ಣೆ ಇಲ್ಲ, ಬಟ್ಟೆ ಬಿಚ್ಚುವ ಹಾಗಿಲ್ಲ. ಸಡಿಲವಾದ ಟೀ ಶರ್ಟು, ಪ್ಯಾಂಟು ಹಾಕಿಕೊಂಡು ಮಲಗಿದರಾಯಿತು. ಕತ್ತಿನ ಮೇಲೆ ಮಾತ್ರ ಒಂದು ತೆಳು ಹತ್ತಿಯ ಬಟ್ಟೆ ಹಾಸುತ್ತಾರೆ. ನಮ್ಮ ಕಡೆ ಹಬ್ಬದ ದಿನ ಎಣ್ಣೆ ಹಚ್ಚಿ ತಿಕ್ಕುವ ಹಾಗಲ್ಲ ಇದು, ಇಲ್ಲಿ ಕೈ ಜಾರುವುದೇ ಇಲ್ಲ. ಹೆಬ್ಬೆರಳು ನೇರವಾಗಿ ಒಂದು ಜಾಗದಲ್ಲಿ ಕೂರುತ್ತದೆ. ಒತ್ತುವುದು ಬೆರಳಲ್ಲ, ಅವರು ಸೊಂಟದಿಂದ ಮುಂದಕ್ಕೆ ವಾಲುತ್ತಾರೆ, ಮೈಭಾರ ಮೆಲ್ಲಗೆ ಇಳಿಯುತ್ತದೆ. ಮೂರೋ ಐದೋ ಸೆಕೆಂಡು ಅಲ್ಲೇ ನಿಂತು, ಇಳಿದಷ್ಟೇ ನಿಧಾನವಾಗಿ ಮೇಲೇಳುತ್ತದೆ. ಬೆನ್ನೆಲುಬಿಗೂ ಹೆಗಲ ಮೂಳೆಗೂ ನಡುವಿನ ಸಂದಿಗೆ ಬಂದಾಗ ‘ಹಾ, ಅಲ್ಲೇ’ ಅನ್ನುವಷ್ಟು ನೋವು. ಆ ನೋವಿಗೆ ಉಸಿರು ಬಿಗಿಹಿಡಿಯಬೇಕಾಗಿ ಬಂದರೆ ಒತ್ತಡ ಜಾಸ್ತಿಯಾಯಿತು ಅಂತಲೇ ಲೆಕ್ಕ. ‘ಮೋ ಸುಕೊಶಿ ಯೊವಾಕು’ (ಇನ್ನೂ ಸ್ವಲ್ಪ ಮೆಲ್ಲಗೆ) ಅಂತ ಹೇಳಿದರೆ ಕಡಿಮೆ ಮಾಡುತ್ತಾರೆ. ನಾಚಿಕೊಂಡು ಸುಮ್ಮನಿರಬೇಡಿ.

ಇವರದು ತೊಕುಜಿರೊ ನಮಿಕೊಶಿ ಹಾಕಿಕೊಟ್ಟ ಪದ್ಧತಿ. 1905ರಲ್ಲಿ ಹುಟ್ಟಿದ ನಮಿಕೊಶಿ ಹೊಕ್ಕೈಡೊದಲ್ಲಿ ಇನ್ನೂ ಹುಡುಗನಾಗಿದ್ದಾಗ ತಾಯಿಯ ಕೀಲುನೋವಿಗೆ ಬೆರಳಿನಿಂದ ಒತ್ತುತ್ತ ಇದನ್ನು ಕಂಡುಕೊಂಡರಂತೆ. 1940ರಲ್ಲಿ ಟೋಕಿಯೊದಲ್ಲಿ ಶಾಲೆ ತೆರೆದರು. 1954ರಲ್ಲಿ ಜಪಾನಿಗೆ ಬಂದಿದ್ದ ಮರ್ಲಿನ್ ಮನ್ರೋಗೆ ಚಿಕಿತ್ಸೆ ಕೊಟ್ಟ ಮೇಲಂತೂ ಹೆಸರು ಎಲ್ಲ ಕಡೆ ಹಬ್ಬಿತು. ಈ ಪದ್ಧತಿಯವರು ಸ್ನಾಯು, ನರಗಳ ಲೆಕ್ಕದಲ್ಲಿ ಮಾತಾಡುತ್ತಾರೆ. ಶಿಜುತೊ ಮಸುನಾಗ ಅವರ ಝೆನ್ ಶಿಯಾಟ್ಸು ಬೇರೆ. ಅದರಲ್ಲಿ ಹೊಟ್ಟೆ ಮುಟ್ಟಿ ನೋಡುವುದು, ಪ್ರಾಣಶಕ್ತಿಯ ನಾಡಿಮಾರ್ಗ ಹಿಡಿಯುವುದು ಮುಖ್ಯ. ನನಗೆ ಆ ಮಾರ್ಗಗಳ ಮಾತು ಅಷ್ಟು ಹಿಡಿಸುವುದಿಲ್ಲ. ಅದರಿಂದ ಆರಾಮ ಸಿಕ್ಕಿತು ಅನ್ನುವ ಗೆಳೆಯರಿದ್ದಾರೆ, ಅವರ ಜೊತೆ ವಾದಕ್ಕಿಳಿಯುವುದಿಲ್ಲ.

ಒಮ್ಮೆ ಸೆನ್ಸೇಯ್ ಊರಲ್ಲಿಲ್ಲದಾಗ ಕಣ್ಣು ಕಾಣದ ಒಬ್ಬರ ಹತ್ತಿರ ಹೋಗಿದ್ದೆ. ಎಡೊ ಕಾಲದಿಂದಲೂ (1603–1868) ಇಲ್ಲಿ ಅಂಧರು ಈ ಕಸುಬಿನಲ್ಲಿದ್ದಾರೆ, ಅಂಧರ ಶಾಲೆಗಳಲ್ಲಿ ಇದೇ ಪರವಾನಗಿಗೆ ಓದಿಸುತ್ತಾರೆ. ನಾನು ಬಾಯಿ ಬಿಡುವ ಮೊದಲೇ ಬಲಗಡೆ ಕತ್ತಿನ ಬುಡದ ಗಂಟಿನ ಮೇಲೆ ಅವರ ಬೆರಳು ಬಂದು ನಿಂತಿತ್ತು.

ಪ್ರಯೋಜನ ಏನು? ಅವತ್ತು ರಾತ್ರಿ ಕಲ್ಲಿನ ಹಾಗೆ ನಿದ್ದೆ. ಕತ್ತು, ಭುಜ ಒಂದು ವಾರ ಹಗುರ. ಎರಡನೇ ವಾರ ಮತ್ತೆ ಬಿಗಿಯಲು ಶುರು, ಯಾಕೆಂದರೆ ಕುರ್ಚಿಯೂ ಮಾನಿಟರೂ ಅವೇ. ರೋಗ ವಾಸಿಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ವೈಜ್ಞಾನಿಕ ಪುರಾವೆ ಇನ್ನೂ ಸಾಲದು. ನನ್ನ ಬಲಗೈ ಬೆರಳುಗಳು ಜೋಮು ಹಿಡಿಯಲು ಶುರುವಾದಾಗ ಸೆನ್ಸೇಯ್ ಒತ್ತಲು ಒಪ್ಪಲೇ ಇಲ್ಲ. ‘ಮೊದಲು ಮೂಳೆ ಡಾಕ್ಟರಿಗೆ ತೋರಿಸಿ’ ಅಂದರು, ಆ ದಿನದ ದುಡ್ಡೂ ತೆಗೆದುಕೊಳ್ಳಲಿಲ್ಲ. ಅವರ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿದ್ದು ಅವತ್ತೇ. ಜ್ವರ, ಮೂಳೆ ಮುರಿತ, ಮೂಳೆ ಸವೆತ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ರಕ್ತ ತೆಳುವಾಗಿಸುವ ಮಾತ್ರೆ, ಬಸಿರು — ಇವುಗಳಲ್ಲಿ ಯಾವುದಿದ್ದರೂ ಮಲಗುವ ಮೊದಲೇ ಹೇಳಿಬಿಡಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಮರೆಯಬಾರದು.

ತಕರಾರುಗಳೂ ಇವೆ. ಕಾರ್ಡ್ ತೆಗೆದುಕೊಳ್ಳುವುದಿಲ್ಲ, ನಗದೇ ಬೇಕು. ಬುಕಿಂಗ್ ಫೋನಿನಲ್ಲೇ, ಅದೂ ಜಪಾನೀಸಿನಲ್ಲೇ. ಬರೀ ಭುಜ ಬಿಗಿತ ಅಂದರೆ ಆರೋಗ್ಯ ವಿಮೆಯಿಂದ ಒಂದು ಯೆನ್ನೂ ಬರುವುದಿಲ್ಲ. ಪಾರ್ಶ್ವವಾಯುವಿನಂಥ ತೊಂದರೆಗೆ ಡಾಕ್ಟರು ಒಪ್ಪಿಗೆ ಪತ್ರ ಬರೆದುಕೊಟ್ಟರೆ ಮಾತ್ರ ಉಂಟು. ಅದಕ್ಕೇ ನಾನೀಗ 40 ನಿಮಿಷದ ಸ್ಲಾಟಿಗೆ ಇಳಿದಿದ್ದೇನೆ, 4,500 ಯೆನ್. ಕತ್ತು, ಭುಜ, ಬೆನ್ನಿನ ಮೇಲ್ಭಾಗಕ್ಕೆ ಧಾರಾಳ ಸಾಕು, ಕಾಲು ಒತ್ತಿಸಿಕೊಳ್ಳುವ ಆಸೆ ಬಿಡಬೇಕು ಅಷ್ಟೆ. ಶನಿವಾರವೇ ಬೇಕು ಅನ್ನುವವರು ಒಂದು ವಾರ ಮೊದಲೇ ಫೋನ್ ಮಾಡಿ, ಆಮೇಲೆ ಜಾಗ ಸಿಗುವುದಿಲ್ಲ.