ಆಂದೋಲಕದ ತಿದ್ದುಪಡಿ: ಟ್ರಿಮ್ಮರ್ ಸಾಕೇ, ಜಿಪಿಎಸ್ ಬೇಕೇ?

ತುಮಕೂರಿನ ವಸಂತನರಸಾಪುರದಲ್ಲಿ ಮಾಪನ ಪ್ರಯೋಗಾಲಯ ತೆರೆಯುವವರು, ಫ್ರೀಕ್ವೆನ್ಸಿ ಕೌಂಟರಿನ (ಆವರ್ತನ ಅಳೆಯುವ ಉಪಕರಣದ) 10 ಮೆಗಾಹರ್ಟ್ಸ್ ಆಂದೋಲಕವನ್ನು (ನಿಯತ ಕಂಪನ ಹುಟ್ಟಿಸುವ ಭಾಗವನ್ನು) ಟ್ರಿಮ್ಮರ್ (ಆವರ್ತನ ಹೊಂದಿಸುವ ಸ್ಕ್ರೂ) ತಿರುಗಿಸಿ ಸರಿಪಡಿಸಬೇಕೇ ಅಥವಾ ಜಿಪಿಎಸ್ ನಿಯಂತ್ರಣಕ್ಕೆ ಒಪ್ಪಿಸಬೇಕೇ ಎಂಬುದನ್ನು ಮೊದಲೇ ನಿರ್ಧರಿಸುವುದು ಒಳ್ಳೆಯದು. 1 ಹರ್ಟ್ಸ್ ದೋಷ ಅಲ್ಪವೆನಿಸಿದರೂ, ಅದೇ ಆಂದೋಲಕದಿಂದ ನಡೆಯುವ ಗಡಿಯಾರ ದಿನಕ್ಕೆ 8.64 ಮಿಲಿಸೆಕೆಂಡು ತಪ್ಪುತ್ತದೆ.

ಟ್ರಿಮ್ಮರ್ ಅಗ್ಗ. ಆದರೆ ಆಂದೋಲಕದೊಳಗಿನ ಸ್ಫಟಿಕವು ಹಳೆಯದಾದಂತೆ ಆವರ್ತನ ಮತ್ತೆ ಸರಿಯುವುದರಿಂದ, ಹೋಲಿಸಿ ನೋಡಲು ನಂಬಿಕಸ್ಥ ಮೂಲವೊಂದು ಹೇಗೂ ಬೇಕು. ಉಪಕರಣ ಚೆನ್ನಾಗಿ ಬಿಸಿಯಾಗುವ ಮೊದಲೇ ಸ್ಕ್ರೂ ಮುಟ್ಟಿದರಂತೂ ಶ್ರಮವೆಲ್ಲ ವ್ಯರ್ಥ. ಜಿಪಿಎಸ್ ವ್ಯವಸ್ಥೆಯಾದರೋ, ಉಪಗ್ರಹಗಳ ಪರಮಾಣು ಗಡಿಯಾರಗಳನ್ನು ಆಧರಿಸಿ ರಿಸೀವರ್ ಸೆಕೆಂಡಿಗೊಮ್ಮೆ ಕೊಡುವ ಪಲ್ಸ್‌ನೊಡನೆ ಆಂದೋಲಕವನ್ನು ಹೋಲಿಸುತ್ತ, ನಿಯಂತ್ರಣ ವೋಲ್ಟೇಜನ್ನು ತಾನೇ ತಿದ್ದುತ್ತದೆ. ತಾರಸಿಯ ಮೇಲಿನ ಆಂಟೆನಾಕ್ಕೆ ಆಕಾಶ ತೆರೆದಿರಬೇಕು, ಅಷ್ಟೇ.

ಹೊರಗೆ ನಿಯತವಾಗಿ ಕ್ಯಾಲಿಬ್ರೇಷನ್ (ಮಾನಕದೊಡನೆ ಹೋಲಿಸುವ ಪರೀಕ್ಷೆ) ಮಾಡಿಸುವ ಸಣ್ಣ ಕಾರ್ಯಾಗಾರಕ್ಕೆ ಟ್ರಿಮ್ಮರ್ ಸಾಕು. ಇತರರ ಉಪಕರಣಗಳನ್ನು ಅಳೆದು ಪ್ರಮಾಣಪತ್ರ ಕೊಡುವವರು ಜಿಪಿಎಸ್ ಆರಿಸುವುದೇ ಲೇಸು.